ಅರಿಯದ ಕೈ, ಅರಿತ ಕೈ

ನಿದ್ದೆಯಿಂದೆದ್ದವನು ತೊಳೆಯದ ಕೈಯನ್ನು ಪಾತ್ರೆಯ ನೀರಿಗೆ ಅದ್ದಬಾರದೆಂದು ಪ್ರವಾದಿ(ಸ)ರು ಕಲಿಸಿದರು. ರಾತ್ರಿ ತನ್ನ ಕೈ ಎಲ್ಲಿತ್ತೆಂದು ಅವನಿಗೇ ತಿಳಿಯದಲ್ಲ!

1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ, ಶವ ಕೊಯ್ದ ಕೈಯಲ್ಲೇ ಹೆರಿಗೆಗೆ ಬಂದವರನ್ನು ಮುಟ್ಟುತ್ತಿದ್ದ ವೈದ್ಯರಿಗೆ ಡಾ. ಸೆಮ್ಮೆಲ್‌ವೈಸ್ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದರು. ಬಾಣಂತಿಯರ ಸಾವು ಬಹಳ ತಗ್ಗಿತು. ಆದರೂ ಅನೇಕ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಯೇ ಕೊಂದಿತೆಂದು ಒಪ್ಪುವುದು ಸುಲಭವೇ?

ಅರಿಯದೆ ಮಾಡಿದ್ದಕ್ಕೆ ಕ್ಷಮೆಯುಂಟು. ಅರಿತ ಮೇಲೆ?

ಆಸ್ಪತ್ರೆಯಲ್ಲಿ ದುಡಿಯುವ ಸಹೋದರ ಸಹೋದರಿಯರೇ, ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ನಿಮ್ಮ ವುಝೂ ಉಳಿದಿರಬಹುದು. ನಮಾಝ್‌ಗೆ ಅದು ಸಾಕು, ರೋಗಿಗೆ ಸಾಲದು. ಅವನ ದೇಹ ನಿಮ್ಮ ಕೈಗಿತ್ತ ಅಮಾನತ್. ಕೆಲಸದ ಒತ್ತಡ ನಿಜ, ನಲ್ಲಿಯೂ ದೂರವಿದ್ದೀತು. ಆದರೆ ಜ್ವರದಲ್ಲಿ ಮಲಗಿದವನು “ಕೈ ತೊಳೆದಿರಾ?” ಎಂದು ನಿಮ್ಮನ್ನು ಕೇಳಲು ಅಂಜುತ್ತಾನೆ.