ವ್ಯರ್ಥವಾಗಿ ಉರಿವ ಬೆಂಕಿಯೂ ಅನರ್ಥದಂಡವೇ?

ವ್ರತವೆಂದೊಡನೆ ನಮ್ಮ ಮನಸ್ಸು ಊಟದ ಎಲೆಯ ಕಡೆಗೆ ಹರಿಯುತ್ತದೆ. ಅಷ್ಟಮಿ ಚತುರ್ದಶಿಗಳ ಉಪವಾಸ, ಏಕಾಶನ, ರಸತ್ಯಾಗ ಇವೆಲ್ಲವೂ ನಾಲಗೆಯನ್ನು ಕುರಿತ ಸಂಯಮಗಳು. ರಸತ್ಯಾಗದಲ್ಲಿ ನಾವು ಬಿಡುವ ರಸಗಳಲ್ಲಿ ಬೆಲ್ಲವೂ ಒಂದು. ಆದರೆ ಆ ಬೆಲ್ಲವು ನಮ್ಮ ಮನೆಗೆ ಬರುವ ಮುನ್ನ ತಾನೆಷ್ಟು ಬೆಂಕಿಯನ್ನು ಉಂಡು ಬಂದಿದೆ ಎಂಬುದನ್ನು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಇಂದು ಲೋಕವೆಲ್ಲ ಇಂಗಾಲದ ಹೊರೆಯನ್ನು ಕುರಿತು ಚಿಂತಿಸುತ್ತಿದೆ. ಈ ಮಾತು ನಮಗೆ ಹೊಸದಲ್ಲ. ಸಂಸ್ಕೃತದ ‘ಅಂಗಾರ’ವೇ ಪ್ರಾಕೃತದಲ್ಲಿ ‘ಇಂಗಾಲ’. ಶ್ರಾವಕನು ವರ್ಜಿಸತಕ್ಕ ಹದಿನೈದು ಜೀವನೋಪಾಯಗಳ ಪ್ರಾಚೀನ ಪಟ್ಟಿಯಲ್ಲಿ ಮೊದಲನೆಯದೇ ‘ಇಂಗಾಲಕರ್ಮ’, ಎಂದರೆ ಇದ್ದಿಲು ಸುಟ್ಟು ಬದುಕುವ ವೃತ್ತಿ. ಅದೇ ಪಟ್ಟಿಯಲ್ಲಿ ‘ಯಂತ್ರಪೀಡನ’ವೂ ಇದೆ; ಕಬ್ಬು, ಎಳ್ಳು ಮೊದಲಾದವುಗಳನ್ನು ಯಂತ್ರಕ್ಕೆ ಕೊಟ್ಟು ಹಿಂಡುವ ಕೆಲಸವದು. ಹೀಗಿರುವಾಗ ಕಬ್ಬಿನ ಸೀಮೆಯಲ್ಲಿ ಬಾಳುವ ನಾವು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ.

ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯು ಗಂಗಾಂಬಿಕೆಯ ಐಕ್ಯಸ್ಥಳವೆಂದು ಪ್ರಸಿದ್ಧವಾದ ಊರು. ಸಹಕಾರಿ ಸಕ್ಕರೆ ಕಾರ್ಖಾನೆಯಿಂದಲೂ ಹೆಸರಾದುದು. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಕಬ್ಬಿನ ರಸಕ್ಕೆ ಎರಡು ದಾರಿಗಳುಂಟು: ಒಂದು ಇಂತಹ ಕಾರ್ಖಾನೆ, ಇನ್ನೊಂದು ತಲೆಮಾರುಗಳಿಂದ ಬಂದ ಬೆಲ್ಲದ ಗಾಣ. ಎರಡರಲ್ಲಿಯೂ ಕೆಲಸ ಮೂಲತಃ ಒಂದೇ, ನೀರನ್ನು ಆವಿಯಾಗಿಸುವುದು. ರಸದ ನೂರು ಪಾಲಿನಲ್ಲಿ ಸುಮಾರು ಎಂಬತ್ತು ಪಾಲು ನೀರೇ. ಒಂದು ಕಿಲೋ ನೀರನ್ನು ಸೊನ್ನೆಯಿಂದ ಕುದಿಯುವ ಹಂತಕ್ಕೆ ತರಲು 100 ಕಿಲೋ ಕ್ಯಾಲರಿ ಶಾಖ ಸಾಕು. ಕುದಿವ ಆ ನೀರನ್ನು ಆವಿ ಮಾಡಲು ಸುಮಾರು 540 ಬೇಕು. ಬೆಂಕಿಯ ಹಸಿವೆಲ್ಲ ಇಲ್ಲಿದೆ.

ಕಾರ್ಖಾನೆಯಲ್ಲಿ ಮೊದಲ ಪಾತ್ರೆಯಿಂದೆದ್ದ ಆವಿಯು ಎರಡನೆಯ ಪಾತ್ರೆಯನ್ನು ಕಾಯಿಸುತ್ತದೆ, ಎರಡನೆಯದರ ಆವಿ ಮೂರನೆಯದನ್ನು. ಪಾತ್ರೆಯಿಂದ ಪಾತ್ರೆಗೆ ಒತ್ತಡವನ್ನು ತಗ್ಗಿಸುತ್ತ ಹೋಗುವುದರಿಂದ ಇದು ಸಾಧ್ಯ. ಅಮೆರಿಕದ ನಾರ್ಬರ್ಟ್ ರಿಲಿಯೋ ಎಂಬಾತ 1843ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದನು. ಗಾಣದ ತೆರೆದ ಕೊಪ್ಪರಿಗೆಯಲ್ಲಾದರೋ ಆವಿ ಒಮ್ಮೆಗೇ ಆಕಾಶಕ್ಕೆ ಸಲ್ಲುತ್ತದೆ. ನಾಲ್ಕು ಕೊಪ್ಪರಿಗೆಗಳ ಬೆಲ್ಲದ ಒಲೆಯೊಂದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸುಟ್ಟ ಸಿಪ್ಪೆಯ ಶಾಖದಲ್ಲಿ ಬೆಲ್ಲಕ್ಕೆ ನಿಜವಾಗಿ ಬೇಕಾದುದು ನೂರಕ್ಕೆ 29 ಪಾಲು ಮಾತ್ರ. ಉಳಿದುದು ಹೊಗೆಗೊಳವೆಗೆ, ಒಲೆಯ ಗೋಡೆಗೆ, ಅರೆಬೆಂದ ಬೂದಿಗೆ. ಅದೇ ಒಲೆಯಲ್ಲಿ ಸಿಪ್ಪೆಯನ್ನು ಅಳತೆಯರಿತು ಹಾಕಿದಾಗ ಕಿಲೋ ಬೆಲ್ಲಕ್ಕೆ 2.39 ಕಿಲೋ ಬೇಕಾಗಿದ್ದ ಸಿಪ್ಪೆ 1.73 ಕಿಲೋಗೆ ಇಳಿಯಿತು. ಇಲ್ಲಿ ದೊಡ್ಡ ಯಂತ್ರ ಬೇಕಾಗಲಿಲ್ಲ, ಎಚ್ಚರಿಕೆ ಬೇಕಾಯಿತು.

ಈಗ ಶಾಸ್ತ್ರದ ಮಾತಿಗೆ ಬರೋಣ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗ ವಿಹಿತ. ಆರಂಭೀ, ಉದ್ಯೋಗೀ ಹಿಂಸೆಗಳನ್ನು ಅವನು ಪೂರ್ಣವಾಗಿ ಬಿಡಲಾರ. ಅಗ್ನಿಕಾಯಿಕ ಜೀವಗಳಿಗೆ ಬಾಧೆಯಿಲ್ಲದೆ ಅಡುಗೆಯಿಲ್ಲ, ಬೆಲ್ಲವೂ ಇಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ, ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು ಇತ್ಯಾದಿಗಳನ್ನು ನಿಷ್ಫಲವಾಗಿ ಮಾಡಿದರೆ ಅದು ಅನರ್ಥದಂಡವೆಂದು ತಿಳಿಸಿದ್ದಾರೆ. ಇಲ್ಲಿ ‘ನಿಷ್ಫಲ’ ಎಂಬುದೇ ತೂಕದ ಮಾತು. ರಸಕ್ಕೆ ಮುಟ್ಟಿದ 29 ಪಾಲು ಬೆಂಕಿಗೆ ಉದ್ಯೋಗದ ಸಮಾಧಾನವನ್ನು ಹೇಳಬಹುದು. ಮುಟ್ಟದ 71 ಪಾಲಿಗೆ ಏನು ಹೇಳುವುದು? ಅದರಲ್ಲಿ ಒಂದಂಶ ಯಾವ ಒಲೆಯಲ್ಲಿಯೂ ಅನಿವಾರ್ಯ, ಒಪ್ಪೋಣ. ತಪ್ಪಿಸಬಹುದಾಗಿದ್ದ ಅಂಶವಂತೂ ನಿಸ್ಸಂದೇಹವಾಗಿ ಅನರ್ಥದಂಡವೇ. ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳಲ್ಲಿ ‘ಅಸಮೀಕ್ಷ್ಯಾಧಿಕರಣ’ವನ್ನು ಎಣಿಸುತ್ತದೆ, ಪ್ರಯೋಜನವನ್ನು ಪರಿಶೀಲಿಸದೆ ಬೇಕಾದುದಕ್ಕಿಂತ ಅಧಿಕವಾಗಿ ಮಾಡುವುದೆಂದು ಅದರ ಅರ್ಥ. ಅಳೆಯದಿರುವುದೇ ದೋಷವೆಂದಾಯಿತು.

ಆದರೆ ದೋಷ ಯಾರದು? ಒಮ್ಮೆ ಗಾಣವೊಂದರಲ್ಲಿ ಒಲೆಯ ಮುಂದೆ ಕುಳಿತಿದ್ದ ವೃದ್ಧನೊಬ್ಬನನ್ನು ಹೊಗೆಯ ವಿಷಯವಾಗಿ ಕೇಳಿದೆನು. “ಹೊಗಿ ಬೆಳ್ಳಗ ಬಂದ್ರ ಸಿಪ್ಪಿ ಹಸಿ ಐತಿ ಅಂತ ತಿಳೀರಿ. ಕರ್ರಗ ಬಂದ್ರ ನಾ ಹೆಚ್ಚು ತುರುಕೀನಿ ಅಂತ ತಿಳೀರಿ,” ಎಂದನು. ಹಾಗಾದರೆ ಏಕೆ ತುರುಕುವೆ ಎಂದೆ. “ಕೂಲಿ ಪಾಕದ ಲೆಕ್ಕದಾಗ ಐತ್ರಿ. ಲಗೂ ಮುಗಸು ಅಂತಾರ,” ಎಂದು ಮತ್ತೊಂದು ಕಂತೆಯನ್ನು ಒಳಗೆ ತಳ್ಳಿದನು. ಅವನ ಕಣ್ಣುಗಳು ಕೆಂಪಾಗಿದ್ದವು. ನನಗೆ ಕೃತ, ಕಾರಿತ, ಅನುಮೋದಿತಗಳ ಪಾಠ ಅಂದು ಹೊಸದಾಗಿ ತಿಳಿಯಿತು. ತಳ್ಳಿದವನು ಅವನು, ತಳ್ಳಿಸಿದವನು ಕೂಲಿಯನ್ನು ಹಾಗೆ ಗೊತ್ತುಮಾಡಿದ ಯಜಮಾನ, ಅಗ್ಗದ ಬೆಲ್ಲವನ್ನು ಕೇಳಿ ಪಡೆದು ಅನುಮೋದಿಸಿದವರು ನಾವು. ತಿಳಿವಳಿಕೆಯೆಲ್ಲ ಆ ವೃದ್ಧನಲ್ಲಿತ್ತು, ಅದನ್ನು ನಡೆಸುವ ಸ್ವಾತಂತ್ರ್ಯ ಮಾತ್ರ ಇರಲಿಲ್ಲ.

ಇಲ್ಲಿ ಎರಡು ಶಂಕೆಗಳು ಏಳಬಹುದು. ಮೊದಲನೆಯದು: ಸಿಪ್ಪೆಯ ಇಂಗಾಲವು ಕಬ್ಬು ತನ್ನ ಬೆಳವಣಿಗೆಯಲ್ಲಿ ಗಾಳಿಯಿಂದಲೇ ಪಡೆದುದು, ಮುಂದಿನ ಬೆಳೆ ಅದನ್ನು ಮರಳಿ ಪಡೆಯುತ್ತದೆ, ಕಲ್ಲಿದ್ದಲಿನಂತೆ ಭೂಗರ್ಭದ ಸಂಚಯವನ್ನು ಇದು ಹೊರಚೆಲ್ಲುವುದಿಲ್ಲ. ಹೀಗಿರಲು ದೋಷವೆಲ್ಲಿ? ಮಾತು ಬಹುಮಟ್ಟಿಗೆ ನಿಜ. ಆದರೆ ಒಲೆ ದುಂದುಗಾರನಾದಾಗ ತನ್ನ ಸಿಪ್ಪೆ ಅದಕ್ಕೆ ಸಾಲದು. ಕಟ್ಟಿಗೆ ಬೇಕಾಗುತ್ತದೆ, ಕೆಲವೆಡೆ ಹಳೆಯ ಟೈರುಗಳೂ ಒಲೆಗೆ ಬಿದ್ದಿವೆ. ಅರೆಬರೆ ಉರಿದ ಬೆಂಕಿಯ ಮಸಿ ಒಲೆಯವನ ಶ್ವಾಸಕೋಶವನ್ನು ಸೇರುತ್ತದೆ. ಉಳಿದ ಸಿಪ್ಪೆಯಾದರೋ ಕಾಗದವಾಗಬಲ್ಲದು, ಕಾರ್ಖಾನೆಯ ಕುದಿಪಾತ್ರೆಯಲ್ಲಿ ವಿದ್ಯುತ್ತಾಗಿ ಅಷ್ಟು ಕಲ್ಲಿದ್ದಲನ್ನು ಉಳಿಸಬಲ್ಲದು.

ಎರಡನೆಯ ಶಂಕೆ ಇನ್ನೂ ಗಹನವಾದುದು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲಿಯೇ ಒಂದು ವಿಚಿತ್ರವನ್ನು ತೋರಿಸಿದನು: ಉಗಿಯಂತ್ರಗಳು ಕಲ್ಲಿದ್ದಲನ್ನು ಮಿತವಾಗಿ ಬಳಸತೊಡಗಿದಂತೆ ದೇಶದ ಒಟ್ಟು ಕಲ್ಲಿದ್ದಲಿನ ಖರ್ಚು ಇಳಿಯಲಿಲ್ಲ, ಏರಿತು. ಅಗ್ಗವಾದುದನ್ನು ಜನ ಹೆಚ್ಚು ಬಳಸಿದರು. ನಮ್ಮಲ್ಲಿಯೂ ಹಾಗೆಯೇ ಆದೀತು. ಉಳಿದ ಸಿಪ್ಪೆಯಿಂದ ಇನ್ನೊಂದು ಒಲೆ ಹೊತ್ತಿದರೆ, ಅದಕ್ಕಾಗಿ ಇನ್ನಷ್ಟು ಕಬ್ಬು ನೆಟ್ಟು ಮಲಪ್ರಭೆಯಿಂದ ಇನ್ನಷ್ಟು ನೀರೆತ್ತಿದರೆ, ಉಳಿತಾಯವು ಲೋಭದ ಮೆಟ್ಟಿಲಾಯಿತಲ್ಲವೇ?

ಹೌದು. ಆದುದರಿಂದಲೇ ಉಳಿತಾಯ ತಾನಾಗಿಯೇ ವ್ರತವಲ್ಲ. ಮಧ್ಯಾಹ್ನದ ಊಟವನ್ನು ಬಿಟ್ಟು ರಾತ್ರಿಗೆ ಇಮ್ಮಡಿ ಉಂಡವನನ್ನು ಯಾರೂ ಉಪವಾಸಿಯೆನ್ನುವುದಿಲ್ಲ. ಅನರ್ಥದಂಡವಿರತಿಯ ಜೊತೆಯಲ್ಲಿಯೇ ಆಚಾರ್ಯರು ಭೋಗೋಪಭೋಗ ಪರಿಮಾಣವನ್ನೂ ಇಟ್ಟಿರುವ ಔಚಿತ್ಯ ಇಲ್ಲಿ ಕಾಣುತ್ತದೆ. ಒಂದು ವ್ರತ ದುಂದನ್ನು ತಡೆಯುತ್ತದೆ, ಇನ್ನೊಂದು ಉಳಿದುದನ್ನು ಲೋಭ ನುಂಗದಂತೆ ಕಾಯುತ್ತದೆ. ಮೊದಲನೆಯದನ್ನು ವಿಜ್ಞಾನಿ ಕಲಿಸಿಯಾನು. ಎರಡನೆಯದನ್ನು ನಾವೇ ಕೈಗೊಳ್ಳಬೇಕು.

ಗಾಣವುಳ್ಳ ಶ್ರಾವಕ ಬಂಧುಗಳು ಬರುವ ಹಂಗಾಮಿನಲ್ಲಿ ನಾಲ್ಕು ನಿಯಮಗಳನ್ನು ಹಿಡಿಯಬಹುದು. ಸಿಪ್ಪೆಯನ್ನು ಚೆನ್ನಾಗಿ ಒಣಗಿಸದೆ ಒಲೆಗೆ ಹಾಕಬಾರದು. ಒಂದೊಂದು ಪಾಕಕ್ಕೂ ಸುಟ್ಟ ಸಿಪ್ಪೆಯನ್ನು ತೂಗಿ ಬರೆದಿಡಬೇಕು. ಗೊಳವೆಗೆ ಹೋಗುವ ಬಿಸಿಯಿಂದ ಮುಂದಿನ ಪಾಕದ ರಸವನ್ನು ಕಾಯಿಸಿಕೊಳ್ಳಬೇಕು. ಒಲೆಯವನ ಕೂಲಿಯನ್ನು ಅವಸರಕ್ಕೆ ಕಟ್ಟದೆ ಉಳಿಸಿದ ಸಿಪ್ಪೆಯಲ್ಲಿ ಅವನಿಗೂ ಪಾಲು ಕೊಡಬೇಕು. ಗಾಣವಿಲ್ಲದ ನಾವು, ಹಾಗೆ ಮಾಡಿದ ಬೆಲ್ಲಕ್ಕೆ ಒಂದೆರಡು ರೂಪಾಯಿ ಹೆಚ್ಚು ತೆರಲು ಹಿಂದೆಗೆಯಬಾರದು. ಮನೆಗೆ ವರ್ಷಕ್ಕೆ ಇಷ್ಟೇ ಬೆಲ್ಲವೆಂದು ಪರಿಮಾಣವನ್ನೂ ಮಾಡಿಕೊಳ್ಳಬೇಕು.

ಉಪವಾಸದ ದಿನ ನಮ್ಮ ಮನೆಯ ಒಲೆ ಆರಿರುತ್ತದೆ. ಅಂದು ನಮಗಾಗಿ ಬೇರೆಲ್ಲೋ ಉರಿಯುತ್ತಿರುವ ಒಲೆಯನ್ನೂ ಒಮ್ಮೆ ನೆನೆದರೆ ವ್ರತವು ನಾಲಗೆಯನ್ನು ದಾಟಿ ಮುಂದೆ ನಡೆದೀತು.