ಗ್ರಂಥಪಾಲಕನ ಕಾಯಕ

ಕಾಪಾಡುವುದು ಹಿರಿದೋ, ಕೊಡುವುದು ಹಿರಿದೋ? ಧನದ ವಿಷಯದಲ್ಲಿ ಶರಣರು ಈ ಪ್ರಶ್ನೆಗೆ ಹನ್ನೆರಡನೆಯ ಶತಮಾನದಲ್ಲಿಯೇ ಉತ್ತರವಿತ್ತರು. ದುಡಿಮೆಯು ಕಾಯಕ, ದುಡಿದುದನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಆದರೆ ಜ್ಞಾನವೆಂಬ ಧನವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಸ್ವಭಾವವು ಮನುಷ್ಯನನ್ನು ಇನ್ನೂ ಬಿಟ್ಟಿಲ್ಲ. ಈ ಬೀಗವನ್ನು ತೆಗೆಯುವುದಕ್ಕಾಗಿಯೇ ಆಯುಷ್ಯವನ್ನು ಸವೆಸಿದವರು ಗ್ರಂಥಪಾಲಕ ಎಸ್. ಆರ್. ರಂಗನಾಥನ್ ಅವರು.

ತಂಜಾವೂರು ಪ್ರಾಂತದ ಶಿಯಾಳಿಯಲ್ಲಿ 1892ರಲ್ಲಿ ಜನಿಸಿದ ಅವರು ಮೊದಲು ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಆ ಕೆಲಸವು ಅವರಿಗೆ ರುಚಿಸಲಿಲ್ಲ; ಪಾಠ ಹೇಳುವ ವೃತ್ತಿಗೇ ಮರಳಲು ಬಯಸಿದರು. ಲಂಡನ್ನಿನಲ್ಲಿ ಗ್ರಂಥಾಲಯ ವಿದ್ಯೆಯನ್ನು ಕಲಿತು ಬಂದ ಮೇಲೆ ಅವರ ದೃಷ್ಟಿಯೇ ಬದಲಾಯಿತು. ಒಲ್ಲದ ಉದ್ಯೋಗವು ಕಾಯಕವಾಗಿ ಪರಿಣಮಿಸಿತು. ಮುಂದೆ ಸುಮಾರು ಇಪ್ಪತ್ತು ವರ್ಷ ಅದೇ ಗ್ರಂಥಾಲಯವನ್ನು ಕಟ್ಟಿ ಬೆಳೆಸಿದರು.

ಗ್ರಂಥಗಳು ಇರುವುದು ಬಳಕೆಗಾಗಿ. ಓದುವ ಪ್ರತಿಯೊಬ್ಬರಿಗೂ ತಕ್ಕ ಗ್ರಂಥ ದೊರೆಯಬೇಕು. ಪ್ರತಿ ಗ್ರಂಥಕ್ಕೂ ತಕ್ಕ ಓದುಗ ದೊರೆಯಬೇಕು ಎಂಬುದು 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲ ಮೂರರ ಭಾವ. ಹಿಂದೆ ಯುರೋಪಿನ ಮಠಗಳಲ್ಲಿ ಗ್ರಂಥಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದ ಕಾಲವಿತ್ತು. ಅದೇ 1931ರಲ್ಲಿ ತಮಿಳು ನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಬಂಡಿಯೊಂದು ಗ್ರಂಥಗಳನ್ನು ಹೊತ್ತು ಹಳ್ಳಿಗಳಿಗೆ ಹೊರಟಿತು.

ಹಾಗಾದರೆ ಕಾಪಾಡುವುದು ಹೀನವೇ? ಅಲ್ಲ. ಕನ್ನಡ ನಾಡಿನ ಅನೇಕ ಮನೆತನಗಳು, ಮಠಗಳು ಓಲೆಗರಿಯ ಕಟ್ಟುಗಳನ್ನು ವಸ್ತ್ರದಲ್ಲಿ ಸುತ್ತಿ ತಲೆಮಾರುಗಳವರೆಗೆ ಜೋಪಾನ ಮಾಡದಿದ್ದರೆ, ಫ. ಗು. ಹಳಕಟ್ಟಿಯವರಿಗೆ ಸಂಗ್ರಹಿಸಲು ಏನೂ ಉಳಿಯುತ್ತಿರಲಿಲ್ಲ. ಆದರೆ ಅವರು ಆ ಕಟ್ಟುಗಳನ್ನು ಬಿಚ್ಚಿ, 1923ರಿಂದ ವಚನಶಾಸ್ತ್ರಸಾರವನ್ನು ಅಚ್ಚಿಗೆ ತಾರದಿದ್ದರೆ ಆ ಜೋಪಾನವೂ ಗೆದ್ದಲಿಗೇ ಸಲ್ಲುತ್ತಿತ್ತು. ಕಾಪಾಡುವುದು ಕೊಡುವುದಕ್ಕಾಗಿಯೇ, ಪೂಜೆಗೊಂಡು ಓದಿಸಿಕೊಳ್ಳದ ಗ್ರಂಥವು ಉಣಬಡಿಸದೆ ಹಳಸಿದ ಪ್ರಸಾದದಂತೆ.

ದಾನಕ್ಕೂ ದಾಸೋಹಕ್ಕೂ ಅಂತರವುಂಟು. ದಾನದಲ್ಲಿ ಕೊಟ್ಟೆನೆಂಬ ಅಹಂಕಾರಕ್ಕೆ ಎಡೆಯಿದೆ, ದಾಸೋಹದಲ್ಲಿ ಇಲ್ಲ. ಗ್ರಂಥಪಾಲಕನು ಗ್ರಂಥಗಳ ಒಡೆಯನಲ್ಲ. ಓದಲು ಬಂದವನು ಬೇಡಲು ಬಂದವನಲ್ಲ. ಆದುದರಿಂದ ಈ ಕಾಯಕವು ದಾಸೋಹಕ್ಕೆ ಅತ್ಯಂತ ಸಮೀಪವಾದುದು. ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ರಂಗನಾಥನ್ ಅವರೂ ತಮ್ಮ ಜೀವಮಾನದ ಉಳಿತಾಯವಾದ 1 ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿದ್ಯೆಯ ಪೀಠಕ್ಕಾಗಿ ಸಮರ್ಪಿಸಿದರು.

1957ರಿಂದ ಅವರು ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಗ್ರಂಥಾಲಯ ವಿದ್ಯೆಯ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ದೇಹವಿಟ್ಟರು. ಗ್ರಂಥಾಲಯಗಳಿಗೆ ಶಾಸನದ ಆಧಾರವಿರಬೇಕೆಂದು ಅವರು ಬಹುಕಾಲ ವಾದಿಸಿದ್ದರು. 1965ರಲ್ಲಿ ಅಂದಿನ ಮೈಸೂರು ರಾಜ್ಯವು ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಮಾಡಿತು. ಅದರಂತೆ ಆಸ್ತಿಯ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರವಾಗಿ ಸಲ್ಲುತ್ತದೆ. ಮುಂದೆ ಹುಟ್ಟಿದ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳೆಂದು ಹೆಸರಾಗಿವೆ.

ಹೀಗಿರುವಾಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಸದ್ಗೃಹಸ್ಥನು ಗ್ರಂಥಾಲಯವನ್ನು ಸರಕಾರದ ಕೊಠಡಿಯೆಂದು ತಿಳಿಯುವುದು ತರವಲ್ಲ. ಅದು ಅವನದೇ ಆರು ಪೈಸೆಯ ದಾಸೋಹದ ಮನೆ. ಅನ್ನದ ಪಂಕ್ತಿಯಲ್ಲಿ ಯಾರಾದರೂ ಹಸಿದು ಉಳಿದರೇ ಎಂದು ವಿಚಾರಿಸುವ ಭಕ್ತನು, ಅರಿವಿನ ಪಂಕ್ತಿಯಲ್ಲಿ ತನ್ನ ಮನೆಯ ಮಗಳು, ತನ್ನ ಹೊಲದಲ್ಲಿ ದುಡಿಯುವವನ ಮಗ ಕುಳಿತಿರುವರೇ ಎಂದೂ ವಿಚಾರಿಸಬೇಕು. ಗ್ರಂಥಪಾಲಕನು ಬಾಗಿಲು ತೆರೆದು ಕುಳಿತಿದ್ದಾನೆ. ಕರೆತರುವ ಕಾಯಕವು ಭಕ್ತನದು.