ಬಾಗಿಲು ಹಾಕುವುದು ಅರ್ಧ ಧರ್ಮ





ನಮ್ಮ ಮಂಡಲ ವ್ರತ 41 ದಿನ. ಹಿಂದೆ ಇಟಲಿಯ ವೆನಿಸ್ ಬಂದರಿನಲ್ಲಿ ಪ್ಲೇಗಿನ ಊರುಗಳಿಂದ ಬಂದ ಹಡಗುಗಳನ್ನು 40 ದಿನ ದೂರ ನಿಲ್ಲಿಸುತ್ತಿದ್ದರು. ಅವರ ಭಾಷೆಯ ‘ನಲವತ್ತು’ ಎಂಬ ಪದದಿಂದಲೇ ಕ್ವಾರಂಟೈನ್ ಎಂಬ ಮಾತು ಬಂತು. ಲೆಕ್ಕ ಹತ್ತಿರವೇ ಇದೆ. ಆದರೆ ಮಾಲೆಯನ್ನು ನಾವೇ ಕೇಳಿ ಹಾಕಿಸಿಕೊಳ್ಳುತ್ತೇವೆ. ಕ್ವಾರಂಟೈನನ್ನು ಇನ್ನೊಬ್ಬರು ನಮ್ಮ ಮೇಲೆ ಹೊರಿಸುತ್ತಾರೆ. ಹೊತ್ತವರ ಧರ್ಮ ಏನು, ಹೊರಿಸುವವರ ಧರ್ಮ ಏನು? ಇವತ್ತು ಅದನ್ನೇ ಹೇಳುತ್ತೇನೆ.

ನಾವು ದಿನಾ ಲೋಕಲ್‌ನಲ್ಲಿ ಓಡಾಡುವ ಈ ಮುಂಬಯಿ ಈ ಪಾಠವನ್ನು ಕಷ್ಟಪಟ್ಟು ಕಲಿತ ಊರು. 1896ರ ಸೆಪ್ಟೆಂಬರ್‌ನಲ್ಲಿ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವೀಗಾಸ್ ಪ್ಲೇಗನ್ನು ಗುರುತಿಸಿದರು. ಅಧಿಕಾರಿಗಳು ಮನೆಗಳಿಗೆ ನುಗ್ಗಿ ರೋಗಿಗಳನ್ನು ಒಯ್ಯತೊಡಗಿದರು. ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲ ಎಂಬ ಭಯ ಜನರಲ್ಲಿ ಹಬ್ಬಿತು. ಅಕ್ಟೋಬರ್‌ನಲ್ಲಿ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೇ ದಾಳಿ ಮಾಡಿದರು. ಅದೇ ಇಂದಿನ ಕಸ್ತೂರಬಾ ಆಸ್ಪತ್ರೆ. ಜನ ರೋಗಿಗಳನ್ನು ಅಡಗಿಸಿಟ್ಟರು, ಲಕ್ಷಗಟ್ಟಲೆ ಮಂದಿ ಊರು ಬಿಟ್ಟರು, ಅವರ ಜೊತೆ ರೋಗವೂ ಹೊರಟಿತು. ಆಮೇಲೆ ಒಂದೊಂದು ಸಮುದಾಯಕ್ಕೂ ತನ್ನದೇ ಪ್ಲೇಗ್ ಆಸ್ಪತ್ರೆ ನಡೆಸಲು ಅವಕಾಶ ಕೊಟ್ಟರು. ನೋಡಿಕೊಳ್ಳುವವರು ನಮ್ಮವರೇ ಎಂದಾಗ ಹೆದರಿಕೆ ಸ್ವಲ್ಪ ಇಳಿಯಿತು.

ಆಗ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯೇ 2020ರಲ್ಲಿ ಮತ್ತೆ ಕೆಲಸಕ್ಕೆ ಬಂತು. ಆ ವರ್ಷ ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಕೋವಿಡ್ ರೋಗಿ ಪತ್ತೆಯಾದರು. ಎರಡು ಚದರ ಕಿಲೋಮೀಟರ್ ಚಿಲ್ಲರೆ ಜಾಗದಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಜನ. ಹತ್ತಡಿ ಖೋಲಿಯಲ್ಲಿ ‘ದೂರ ಇರಿ’ ಅಂದರೆ ಎಲ್ಲಿ ಇರುವುದು? ಬಿಎಂಸಿಯವರು ಶಾಲೆ, ಸಭಾಂಗಣಗಳಲ್ಲಿ ಹಾಸಿಗೆ ಹಾಕಿ, ಊಟ ಕೊಟ್ಟು, ವೈದ್ಯರನ್ನು ಇಟ್ಟರು. ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಧಾರಾವಿಯ ಹೆಸರು ಹೇಳಿ ಮೆಚ್ಚಿಕೊಂಡಿತು.

ಅದೇ ಮೇ ತಿಂಗಳಲ್ಲಿ ಹೋಟೆಲ್ ಮುಚ್ಚಿ, ಸಂಬಳ ನಿಂತು, ನಮ್ಮವರು ಊರಿನ ದಾರಿ ಹಿಡಿದರು. ಮೇ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ಇಲ್ಲ ಎಂದಿತು. ಆಗ ಉಡುಪಿಯಲ್ಲಿ ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರು ಮಹಾರಾಷ್ಟ್ರದಿಂದ ಹೋದವರೇ. ಹಾಗಾಗಿ ಊರವರ ಭಯ ಸುಳ್ಳಲ್ಲ. ಆದರೆ ‘ಮುಂಬಯಿಯವರು’ ಎಂಬ ಮಾತೇ ರೋಗದ ಹೆಸರಾದದ್ದು ಅಧರ್ಮ. ರೋಗವನ್ನು ದೂರ ಇಡಬೇಕು ನಿಜ, ಆದರೆ ಮನುಷ್ಯನನ್ನು ದೂರ ಮಾಡಬಾರದು.

ಇನ್ನು ನಮ್ಮ ಸ್ವಾಮಿಯ ಸನ್ನಿಧಾನವನ್ನೇ ನೋಡಿ. ಆ ವರ್ಷದ ಮಂಡಲ ಕಾಲದ ಆರಂಭದಲ್ಲಿ ವಾರದ ದಿನಗಳಲ್ಲಿ 1000, ಶನಿವಾರ ಭಾನುವಾರ 2000 ಮಂದಿಗೆ ಮಾತ್ರ ದರ್ಶನ. ನೆಗೆಟಿವ್ ಸರ್ಟಿಫಿಕೇಟ್ ಬೇಕು, ಪಂಪಾಸ್ನಾನ ಇಲ್ಲ. ಹದಿನೆಂಟು ಮೆಟ್ಟಿಲೇ ಕಾಯಲು ಹೇಳಿದಾಗ ‘ನನ್ನ ಭಕ್ತಿ, ನನ್ನ ಇಷ್ಟ’ ಎನ್ನಲು ನಾವು ಯಾರು?

ನಮ್ಮ ತಂಡಕ್ಕೂ ಈ ಪರೀಕ್ಷೆ ಒಮ್ಮೆ ಬಂತು. ಆರು ಜನರ ರೂಮಿನಲ್ಲಿ ಒಬ್ಬ ಕನ್ನಿ ಸ್ವಾಮಿಗೆ ಚಿಕನ್‌ಪಾಕ್ಸ್. ಇರುಮುಡಿ ಕಟ್ಟಲು ಐದೇ ದಿನ. “ವ್ರತ ನನ್ನದು, ತಡೆಯಬೇಡಿ” ಎಂದು ಅವರ ಹಟ. “ರೂಮ್ ಖಾಲಿ ಮಾಡಿಸಿ” ಎಂದು ಉಳಿದವರ ಹಟ. ಪಕ್ಕದ ಮನೆಯಲ್ಲಿ ತುಂಬು ಗರ್ಭಿಣಿ ಇದ್ದರು. ಈ ರೋಗ ಅಂಥವರಿಗೂ ಹುಟ್ಟುವ ಮಗುವಿಗೂ ಅಪಾಯ. ಗುಳ್ಳೆಗಳೆಲ್ಲ ಒಣಗಿ ಹೊಪ್ಪಳೆ ಕಟ್ಟುವವರೆಗೆ ರೋಗ ಹರಡುತ್ತದೆ ಎಂದು ವೈದ್ಯರು ಹೇಳಿದರು. ನಾನು ಆ ಸ್ವಾಮಿಗೆ ಈ ಸಲ ಮಲೆ ಇಲ್ಲ ಎಂದೆ. ಅವರು ಅತ್ತರು. ಊರಲ್ಲಿ ತಾಯಿ ಹರಕೆ ಹೊತ್ತಿದ್ದರು, ಅದು ಸಣ್ಣ ನಷ್ಟವಲ್ಲ. ಇನ್ನೊಂದು ಮಾತನ್ನೂ ವೈದ್ಯರು ಹೇಳಿದರು: ಹಿಂದೆ ಈ ರೋಗ ಬಾರದ ಇಬ್ಬರು ರೂಮಿನಲ್ಲಿದ್ದಾರೆ, ಅವರೂ ಮೂರು ವಾರ ಜನಸಂದಣಿಗೆ ಹೋಗಬಾರದು. ಖಾಲಿ ಮಾಡಿಸಿ ಎಂದವರಲ್ಲಿ ಅವರೂ ಇದ್ದರು! ಕೊನೆಗೆ ಆ ಇಬ್ಬರೇ ಉಳಿದು ಗಂಜಿ ಕಾಸಿ ಕೊಟ್ಟರು. ತಂಡದವರು ಮೂವರ ರೂಮ್ ಬಾಡಿಗೆಯ ಪಾಲನ್ನು ಹಂಚಿಕೊಂಡರು.

ಆದ್ದರಿಂದ ಸ್ವಾಮಿಗಳೇ, ಒಬ್ಬರನ್ನು ತಡೆಯುವ ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ. ಯಾಕೆ? ಎಷ್ಟು ದಿನ? ಅವರ ಊಟ, ಖರ್ಚು ಯಾರದು? ಮನೆಯವರಿಗೆ ಸುದ್ದಿ ಯಾರು ಮುಟ್ಟಿಸುತ್ತಾರೆ? ಇವಕ್ಕೆ ಉತ್ತರ ಇದ್ದರೆ ಅದು ರಕ್ಷಣೆ, ಇಲ್ಲದಿದ್ದರೆ ಬರೀ ಶಿಕ್ಷೆ. ಉತ್ತರ ಸಿಕ್ಕ ಮೇಲೂ ಮೀರಿ ಹೊರಟರೆ ಅದು ಸ್ವಾತಂತ್ರ್ಯವಲ್ಲ, ಹಿಂಸೆ.

ಮಾಲೆ ಹಾಕಿದವರನ್ನೆಲ್ಲ ಸ್ವಾಮಿ ಎಂದೇ ಕರೆಯುತ್ತೇವೆ. ಜ್ವರ ಬಂತೆಂದು ಆ ಹೆಸರು ಅಳಿಯುವುದಿಲ್ಲ. ಈ ಸಲ ಇರುಮುಡಿಗೆ ಮೊದಲು ಮೈಗೆ ಹುಷಾರಿಲ್ಲದಿದ್ದರೆ ಮುಚ್ಚಿಡದೆ ನಿಮ್ಮ ಗುರುಸ್ವಾಮಿಗೆ ಹೇಳಿ. ಮಲೆ ಎಲ್ಲಿಗೂ ಹೋಗುವುದಿಲ್ಲ. ಸ್ವಾಮಿ ಕಾಯುತ್ತಾನೆ.

ಸ್ವಾಮಿ ಶರಣಂ.